ಒಂದೇ ಕೋಣೆಯಲ್ಲಿ ಇಬ್ಬರ ನಿದ್ರೆ
(ಹೊಸೂರಿನ ಕುಟುಂಬ ಕೂಟದಲ್ಲಿ ದಂಪತಿಗಳಿಬ್ಬರು ಬರೆದು ಓದಿದ ಭಾಷಣ)



ಈ ಸಂಜೆ ಮಾತನಾಡಬೇಕೆಂದು ಕೂಟದ ಹಿರಿಯರು ಕೇಳಿದಾಗ ನಾವಿಬ್ಬರೂ ಹಿಂಜರಿದೆವು. ಕೂಲಿ, ಬೋನಸ್ಸು, ಪ್ರಾವಿಡೆಂಟ್ ಫಂಡುಗಳ ವಿಷಯ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾವು ಹೇಳಬೇಕಾದದ್ದು ಮಲಗುವ ಚಾಪೆಯ ವಿಷಯ. ಇಂಥದನ್ನು ಸಭೆಯಲ್ಲಿ ಆಡುವುದು ನಮ್ಮ ಕಡೆ ವಾಡಿಕೆಯಲ್ಲ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಇದರಿಂದ ಎರಡು ದೊಡ್ಡ ಅಪಾಯಗಳು ಸ್ವಲ್ಪದರಲ್ಲೇ ತಪ್ಪಿದವು. ಬೇರೆ ಮನೆಗಳಲ್ಲಿ ಅವು ಬಾರದಿರಲಿ ಎಂದು ಇಬ್ಬರೂ ಕೂತು ಬರೆದುಕೊಂಡು ಬಂದಿದ್ದೇವೆ.

ನಮ್ಮಿಬ್ಬರಲ್ಲಿ ಗಂಡನು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರದ ಮೇಲೆ ಕೆಲಸ ಮಾಡುವವನು. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವಳು. ಇಬ್ಬರು ಮಕ್ಕಳು. ಒಂದು ಕೋಣೆ, ಒಂದು ಅಡಿಗೆಮನೆ. ಇಷ್ಟೇ ನಮ್ಮ ಸಂಸಾರ.

ಹೆಂಡತಿಯ ತಾಯಿ ತೀರಿಕೊಂಡ ಮೇಲೆ ಆಕೆ ಮೊದಲಿನಂತಿರಲಿಲ್ಲ. ಹೊಲಿಯಲು ಬಂದ ಬಟ್ಟೆಗಳು ಗಂಟು ಬಿಚ್ಚದೆ ಬಿದ್ದಿರುತ್ತಿದ್ದವು. ಬೆಳಗಿನ ಜಾವ ಮೂರಕ್ಕೆ ಎದ್ದು ಗೋಡೆ ನೋಡುತ್ತ ಕೂರುತ್ತಿದ್ದಳು. ನೆರೆಯವರು ದೃಷ್ಟಿಯಾಗಿದೆ ಎಂದರು. ನಮ್ಮವರಲ್ಲೇ ಕೆಲವರು ವಿಶ್ವಾಸ ಸಾಲದು ಎಂದರು. ಕೊನೆಗೆ ಆಸ್ಪತ್ರೆಗೆ ಹೋದಾಗ ವೈದ್ಯರು ಇದಕ್ಕೆ ಖಿನ್ನತೆಯೆಂದು ಹೆಸರು, ಇದೂ ಒಂದು ಕಾಯಿಲೆಯೇ ಎಂದು ಹೇಳಿ, ದಿನಕ್ಕೊಂದರಂತೆ ಮಾತ್ರೆ ಬರೆದುಕೊಟ್ಟರು. ಮೊದಲ ಎರಡು ವಾರ ಏನೂ ಕಾಣಲಿಲ್ಲ. ನಾಲ್ಕನೆಯ ವಾರ ಗಂಡ ಪಾಳಿ ಮುಗಿಸಿ ಬರುವಾಗ ಬಾಗಿಲ ಹೊರಗೇ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಆ ದಿನ ನಾವು ಮೊಣಕಾಲೂರಿ ಸ್ತೋತ್ರ ಸಲ್ಲಿಸಿದೆವು.

ಹಗಲು ತಿಳಿಯಾಯಿತು, ಆದರೆ ರಾತ್ರಿ ಕೆಟ್ಟಿತು. ನಿದ್ರೆಯಲ್ಲಿ ಆಕೆಯ ಕಾಲುಗಳು ಅರ್ಧ ನಿಮಿಷಕ್ಕೊಮ್ಮೆ ಒದೆಯುತ್ತಿದ್ದವು. ಹಲ್ಲು ಕಡಿಯುವಳು. ಕೆಟ್ಟ ಕನಸು ಬಿದ್ದು ಕೂಗುವಳು. ರವಿಕೆ ಹಿಂಡುವಷ್ಟು ಬೆವರುವಳು. ಬೆಳಿಗ್ಗೆ ಕೇಳಿದರೆ ಅರ್ಧದಷ್ಟೂ ನೆನಪಿರುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿದ ಗಂಡನಿಗೆ ಮಾತ್ರ ಎಲ್ಲವೂ ನೆನಪಿರುತ್ತಿತ್ತು. ಬೆಳಗಿನ ಪಾಳಿಯಾದರೆ ನಾಲ್ಕೂವರೆಗೆ ಏಳಬೇಕು. ಹೀಗೆ ವಾರಗಟ್ಟಲೆ ಮೂರು ನಾಲ್ಕು ಗಂಟೆಯ ನಿದ್ರೆಯಲ್ಲಿ ಆತ ಯಂತ್ರದ ಮುಂದೆ ನಿಂತನು. ಒಂದು ದಿನ ಕಣ್ಣು ಮುಚ್ಚಿಹೋಯಿತು. ಪಕ್ಕದ ಯಂತ್ರದ ಗೆಳೆಯನು ತೋಳು ಹಿಡಿದು ಎಳೆದದ್ದರಿಂದ ಇಂದು ಈ ಕಾಗದವನ್ನು ಎರಡು ಕೈಯಲ್ಲಿ ಹಿಡಿದಿದ್ದೇವೆ. ಇದು ಮೊದಲನೆಯ ಅಪಾಯ.

ಎರಡನೆಯದು ಇದಕ್ಕಿಂತ ದೊಡ್ಡದು. ಅದು ನಮ್ಮ ಬಾಯಿಂದಲೇ ಬಂದದ್ದು. ಆ ಸಂಜೆ ಗಂಡ ಮನೆಗೆ ಬಂದವನೇ, "ನಿನ್ನ ಮಾತ್ರೆಯಿಂದ ಇವತ್ತು ನನ್ನ ಕೈ ಹೋಗ್ತಿತ್ತು" ಎಂದುಬಿಟ್ಟನು. ಹೆಂಡತಿ ಉತ್ತರ ಕೊಡಲಿಲ್ಲ. ಮರುದಿನದಿಂದ ಮಾತ್ರೆ ನುಂಗುವುದನ್ನು ಬಿಟ್ಟಳು, ಯಾರಿಗೂ ಹೇಳಲಿಲ್ಲ. ಮೂರು ದಿನಗಳಲ್ಲಿ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ಮೆನ್ನುವುದು ಶುರುವಾಯಿತು. ಕನಸುಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಮೂರನೆಯ ವಾರದಲ್ಲಿ ಹಳೆಯ ಕತ್ತಲು ಮರಳಿ ಬಂತು. ತಾನಿಲ್ಲದಿದ್ದರೆ ಗಂಡ ಮಕ್ಕಳು ಸುಖವಾಗಿ ಮಲಗಬಹುದು ಎಂಬ ಯೋಚನೆ ಆಕೆಗೆ ಬಂದಿತ್ತು. ಒಂದು ಮಧ್ಯಾಹ್ನ ಮಗಳು ಗುಂಡಿ ಹುಡುಕಲು ಸೂಜಿಯ ಡಬ್ಬಿ ತೆರೆದಾಗ ಅದರಲ್ಲಿ ಹತ್ತೊಂಬತ್ತು ಮಾತ್ರೆಗಳಿದ್ದವು. ಆಗ ಹೆಂಡತಿ ಎಲ್ಲವನ್ನೂ ಹೇಳಿ ಅತ್ತಳು. ಗಂಡನೂ ಅತ್ತನು.

ಮಾರನೆಯ ದಿನ ಪಾಳಿಗೆ ರಜೆ ಹಾಕಿ ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋದೆವು. ಇಬ್ಬರೂ ಕೂಡಿ ಹೋದದ್ದು ಅದೇ ಮೊದಲು. ವೈದ್ಯರು ತಮಿಳಿನವರು. ಗಡಿಯಲ್ಲಿ ಬಾಳುವ ನಮಗೆ ಸಂತೆಗೆ ಸಾಕಾಗುವಷ್ಟು ತಮಿಳಿದೆ. ಮನಸ್ಸಿನ ನೋವು ಹೇಳಲು ಅದು ಸಾಲದು. ಆದ್ದರಿಂದ ಎರಡೂ ಭಾಷೆ ಬಲ್ಲ ಸಭೆಯ ಅಕ್ಕನೊಬ್ಬರನ್ನು ಕರೆದುಕೊಂಡು ಹೋಗಿದ್ದೆವು. ಎಲ್ಲವನ್ನೂ ಕೇಳಿ ವೈದ್ಯರು ಗಂಡನನ್ನು ಗದರಿಸಲಿಲ್ಲ. ಇಷ್ಟೇ ಕೇಳಿದರು: ರಾತ್ರಿ ಏನಾಗುತ್ತದೆಂದು ನೋಡುವವರು ನೀವು, ಮಲಗಿದವರಿಗೆ ಅದು ತಿಳಿಯದು, ನೀವು ಬಂದು ಹೇಳದಿದ್ದರೆ ನನಗೆ ಗೊತ್ತಾಗುವುದು ಹೇಗೆ?

ಪ್ರಿಯರೇ, ನಾವು ಇಂದು ಹೇಳಬಂದದ್ದೂ ಇದೇ. ನಿದ್ರೆಗೆಟ್ಟ ಗಂಡನಾಗಲಿ ಹೆಂಡತಿಯಾಗಲಿ ಆ ರಾತ್ರಿಗೆ ಸಾಕ್ಷಿ. ಸಾಕ್ಷಿ ಹೇಳಬೇಕಾದ ಸ್ಥಳ ವೈದ್ಯರ ಕೋಣೆ. ನಾವು ಅದನ್ನು ಮನೆಯಲ್ಲಿ ದೂರಾಗಿ ಹೇಳಿದೆವು. ದೂರು ಕೇಳಿದವಳು ತನ್ನ ಔಷಧವನ್ನೇ ಬಲಿ ಕೊಟ್ಟಳು.

ಆ ದಿನವೂ ಮುಂದೆಯೂ ನಾವು ಕಲಿತದ್ದನ್ನು ತಿಳಿಸುತ್ತೇವೆ. ಖಿನ್ನತೆಗೆ ಈಗ ಹೆಚ್ಚಾಗಿ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಲಿನ್, ಎಸಿಟಲೋಪ್ರಾಮ್ ಮೊದಲಾದ ಮಾತ್ರೆಗಳು ಕೆಲವರಲ್ಲಿ ನಿದ್ರೆಯನ್ನು ಕಲಕುತ್ತವೆ. ಕನಸು ಬೀಳುವ ಹಂತದ ನಿದ್ರೆಯನ್ನು ಅವು ಬದಲಿಸುತ್ತವೆ. ಇದರಿಂದ ಗಾಢವಾದ ಕನಸುಗಳು, ಆಗಾಗ ಎಚ್ಚರ, ಬೆವರು, ಹಲ್ಲು ಕಡಿಯುವುದು, ಕಾಲು ಒದೆಯುವುದು ಬರಬಹುದು. ಎಲ್ಲರಿಗೂ ಬರುವುದಿಲ್ಲ. ಬಂದವರಲ್ಲಿ ಅನೇಕರಿಗೆ ಮೊದಲ ಕೆಲವು ವಾರಗಳಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ವೈದ್ಯರಿಗೆ ದಾರಿಗಳಿವೆ: ಮಾತ್ರೆಯನ್ನು ರಾತ್ರಿಯ ಬದಲು ಬೆಳಿಗ್ಗೆ ಕೊಡಬಹುದು, ಪ್ರಮಾಣ ತಗ್ಗಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್‌ನಂಥ ಕೆಲವು ಮಾತ್ರೆಗಳು ಇದಕ್ಕೆ ವಿರುದ್ಧವಾಗಿ ತೂಕಡಿಕೆ ತರುತ್ತವೆ. ಅವನ್ನು ರಾತ್ರಿ ಕೊಡುತ್ತಾರೆ. ಬೆಳಿಗ್ಗೆಯೂ ಮಂಪರು ಉಳಿಯಬಹುದು. ಆದ್ದರಿಂದ ಯಂತ್ರದ ಮೇಲೆ ಕೆಲಸ ಮಾಡುವವರು, ಬೈಕು ಓಡಿಸುವವರು ತಮ್ಮ ಕೆಲಸ ಯಾವುದು, ಪಾಳಿ ಯಾವುದು ಎಂದು ವೈದ್ಯರಿಗೆ ಮೊದಲೇ ಹೇಳಬೇಕು. ಅವರು ಕೇಳಲಿ ಎಂದು ಕಾಯಬಾರದು.

ಕಾಲು ಒದೆಯುವುದಕ್ಕೆ ರಕ್ತದ ಪರೀಕ್ಷೆ ಮಾಡಿಸಿದರು. ಆಕೆಯ ಮೈಯಲ್ಲಿ ಕಬ್ಬಿಣದ ದಾಸ್ತಾನು ಬಹಳ ಕಡಿಮೆಯಿತ್ತು. ಕಬ್ಬಿಣ ಕಡಿಮೆಯಾದರೆ ಕಾಲುಗಳ ಚಡಪಡಿಕೆ ಹೆಚ್ಚುತ್ತದೆ; ಮಾತ್ರೆಯೂ ಅದೂ ಕೂಡಿದರೆ ಇನ್ನೂ ಹೆಚ್ಚುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಈ ಕೊರತೆ ಸಾಮಾನ್ಯ. ಊಟದ ಜೊತೆಗೇ ಟೀ ಕುಡಿಯುವ ಅಭ್ಯಾಸವಿದ್ದರೆ ಊಟದಲ್ಲಿರುವ ಕಬ್ಬಿಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೆಗಡಿಗೆ ಅಂಗಡಿಯಲ್ಲಿ ಕೊಳ್ಳುವ ನಿದ್ರೆ ತರಿಸುವ ಮಾತ್ರೆಗಳೂ ಈ ಚಡಪಡಿಕೆಯನ್ನು ಕೆಲವರಲ್ಲಿ ಹೆಚ್ಚಿಸುತ್ತವೆ. ಇದನ್ನು ತಿಳಿಯದೆ ನಾವು, ನಿದ್ರೆ ಬರಲಿ ಎಂದು ಅದನ್ನೂ ಕೊಟ್ಟಿದ್ದೆವು!

ಮನೆಯಲ್ಲಿ ನಾವು ಮಾಡಿದ್ದು ಕೆಲವು ಸಣ್ಣ ಕೆಲಸಗಳು. ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ವಾರ ರಾತ್ರಿಯ ಲೆಕ್ಕ ಬರೆದೆವು: ಎಷ್ಟು ಗಂಟೆಗೆ ಮಲಗಿದ್ದು, ಎಷ್ಟು ಬಾರಿ ಎಚ್ಚರ, ಏನು ಕಂಡಿತು, ಮಾತ್ರೆ ತೆಗೆದುಕೊಂಡದ್ದು ಯಾವಾಗ. ವೈದ್ಯರು ಅದನ್ನು ನಮ್ಮ ಮಾತಿಗಿಂತ ಹೆಚ್ಚು ಗಮನವಿಟ್ಟು ನೋಡಿದರು. ಮಧ್ಯಾಹ್ನದ ಮೇಲೆ ಕಾಫಿ ಟೀ ಬಿಟ್ಟೆವು. ಬೆಳಗಿನ ಪಾಳಿಯ ವಾರದಲ್ಲಿ ಗಂಡನು ಅಡಿಗೆಮನೆಯಲ್ಲಿ ಬೇರೆ ಚಾಪೆ ಹಾಸಿಕೊಂಡನು. ಇದು ಸುಲಭವಾಗಿರಲಿಲ್ಲ. ಊರಿಂದ ಬಂದ ಅತ್ತೆ ನೋಡಿ, "ಏನಪ್ಪಾ, ಜಗಳವಾ?" ಎಂದು ಕೇಳಿದರು. ಹೆಂಡತಿಗೆ ಅವಮಾನವೆನಿಸಿತು. ನಾವಿಬ್ಬರೂ ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆವು. ಮಲಗುವ ಮುಂಚೆ ಮಾತ್ರ ಒಂದೇ ಚಾಪೆಯ ಮೇಲೆ ಕೂತು ಪ್ರಾರ್ಥಿಸುವುದನ್ನು ಬಿಡಲಿಲ್ಲ. ಪ್ರಸಂಗಿಯ ಗ್ರಂಥದ 4ನೇ ಅಧ್ಯಾಯದಲ್ಲಿ ಜೊತೆಯಾಗಿ ಮಲಗುವವರ ಬೆಚ್ಚನೆಯ ಮಾತಿದೆ. ಬಿದ್ದವನನ್ನು ಜೊತೆಗಾರನು ಎತ್ತುವ ಮಾತೂ ಅದೇ ಅಧ್ಯಾಯದಲ್ಲಿದೆ. ಆ ತಿಂಗಳುಗಳಲ್ಲಿ ನಮಗೆ ಎರಡನೆಯದು ಮೊದಲು ಬೇಕಾಗಿತ್ತು.

ಈಗ ಹೇಗಿದೆ ಎಂದು ಕೇಳುವಿರಿ. ಮಾತ್ರೆ ಬೆಳಗಿನ ಹೊತ್ತಿಗೆ ಬದಲಾಯಿತು, ಕಬ್ಬಿಣದ ಮಾತ್ರೆ ಮೂರು ತಿಂಗಳು ನಡೆಯಿತು. ಕಾಲು ಒದೆಯುವುದು ಬಹುಮಟ್ಟಿಗೆ ನಿಂತಿದೆ. ಕನಸುಗಳು ಈಗಲೂ ಬರುತ್ತವೆ. ವಾರದಲ್ಲಿ ಒಂದೆರಡು ರಾತ್ರಿ ಗಂಡ ಇಂದಿಗೂ ಅಡಿಗೆಮನೆಯಲ್ಲೇ ಮಲಗುತ್ತಾನೆ. ಎಲ್ಲವೂ ಗುಣವಾಯಿತೆಂದು ಸುಳ್ಳು ಸಾಕ್ಷಿ ಹೇಳಲಾರೆವು. ಆದರೆ ಹೊಲಿಗೆ ಯಂತ್ರದ ಸದ್ದು ನಿಂತಿಲ್ಲ.

ಇನ್ನು ಕೆಲವು ಎಚ್ಚರಿಕೆಗಳು. ಮಾತ್ರೆಯನ್ನು ತಾನಾಗಿ ಥಟ್ಟನೆ ನಿಲ್ಲಿಸಬಾರದು. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ನಿದ್ರೆಗೆಂದು ಹೆಂಡ ಸಾರಾಯಿ ಕುಡಿಯುವುದು, ಪಕ್ಕದ ಮನೆಯವರ ನಿದ್ರೆ ಮಾತ್ರೆ ನುಂಗುವುದು ಬಹಳ ಅಪಾಯ. ಮಾತ್ರೆ ಶುರುವಾದ ಮೇಲೆ ಒಬ್ಬರು ಎರಡು ಮೂರು ದಿನ ಮಲಗದೆಯೇ ವಿಪರೀತ ಉತ್ಸಾಹದಿಂದ ಮಾತನಾಡುತ್ತ, ಹಣ ಚೆಲ್ಲುತ್ತ ಇದ್ದರೆ ಅದು ಬೇರೊಂದು ಕಾಯಿಲೆಯ ಗುರುತಾಗಿರಬಹುದು, ಕೂಡಲೇ ತೋರಿಸಬೇಕು. ಕನಸಿನಲ್ಲಿ ಎದ್ದು ಹೊಡೆಯುವುದು, ಗೋಡೆಗೆ ಗುದ್ದುವುದು ಇದ್ದರೆ, ಅದರಲ್ಲೂ ಐವತ್ತು ದಾಟಿದವರಲ್ಲಿ, ತಪ್ಪದೆ ತಿಳಿಸಬೇಕು. ಸಾಯುವ ಮಾತು ಬಾಯಲ್ಲಿ ಬಂದರೆ ಒಂದು ರಾತ್ರಿಯೂ ಅವರನ್ನು ಒಂಟಿಯಾಗಿ ಬಿಡಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲಿ ಹೋಗಬೇಕು ಎನ್ನುವವರಿಗೆ ಒಂದು ಮಾತು. ನಮ್ಮ ಹೊಸೂರಿನಿಂದ ಬೆಂಗಳೂರಿಗೆ ಹೋಗುವ ರಸ್ತೆಯ ಮೇಲೆಯೇ ನಿಮ್ಹಾನ್ಸ್ ಸಂಸ್ಥೆಯಿದೆ. 1980ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗಗಳ ಚಿಕಿತ್ಸೆ ಕಲಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದ್ದರಿಂದ ರಾಯದುರ್ಗದವರಾಗಲಿ ತಾಳವಾಡಿಯವರಾಗಲಿ ಮೊದಲು ತಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಫೋನು ಸೇವೆ ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಮಾತನಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಗಡಿಯಾಚೆಯ ನಮಗೆ ಇದು ಸಣ್ಣ ಉಪಕಾರವಲ್ಲ.

ಕೊನೆಯದಾಗಿ, ಮಾತ್ರೆ ತಿನ್ನುವವರಿಗೆ ವಿಶ್ವಾಸವಿಲ್ಲ ಎನ್ನುವ ಸಹೋದರರಿಗೆ ನಮ್ಮ ವಿನಂತಿ. ಎಲೀಯನಂಥ ಪ್ರವಾದಿಯೂ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡಿದನು. ದೇವದೂತನು ಬಂದು ಅವನನ್ನು ಖಂಡಿಸಲಿಲ್ಲ. ಎಬ್ಬಿಸಿ ರೊಟ್ಟಿ ನೀರು ಕೊಟ್ಟನು. ಅವನು ಮತ್ತೆ ಮಲಗಿದನು. ಎರಡನೆಯ ಸಾರಿಯೂ ಊಟ ಕೊಟ್ಟನು. ಪ್ರಯಾಣದ ಮಾತು ಬಂದದ್ದು ಆಗಲೇ. ಅರಸನಾದ ಹಿಜ್ಕೀಯನು ಪ್ರಾರ್ಥಿಸಿದಾಗ ದೇವರು ಕೇಳಿದನು. ಆದರೂ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಹಣ್ಣನ್ನು ಕಟ್ಟಿಸಿದನು. ಪ್ರಾರ್ಥನೆಯೂ ಔಷಧವೂ ಅಲ್ಲಿ ಜಗಳವಾಡಲಿಲ್ಲ.

ಕಾರ್ಮಿಕ ಬಂಧುಗಳೇ, ನಿಮ್ಮ ಪಕ್ಕದ ಯಂತ್ರದವನು ತೂಕಡಿಸುತ್ತಿದ್ದರೆ ಕುಡಿದು ಬಂದಿದ್ದಾನೆ ಎಂದು ನಗಬೇಡಿರಿ. ಮೊದಲು ತೋಳು ಹಿಡಿದು ಎಳೆಯಿರಿ. ಆಮೇಲೆ ಟೀ ಹೊತ್ತಿನಲ್ಲಿ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆಂದು ಕೇಳಿರಿ. ನಮ್ಮನ್ನು ಹಾಗೆ ಕೇಳಿದವನೊಬ್ಬನಿದ್ದನು. ಆದರೆ ಅಂದು ನಾವು ಅವನಿಗೆ ಏನೂ ಹೇಳಲಿಲ್ಲ. ನೀವು ಹೇಳಿರಿ.

ಕರ್ತನು ನಿಮ್ಮೆಲ್ಲರ ಮನೆಗಳಲ್ಲಿ ಮಲಗುವವರನ್ನೂ ಎಚ್ಚರವಾಗಿರುವವರನ್ನೂ ಕಾಯಲಿ. ಆಮೆನ್.