ಹಾಲುಹಲ್ಲೂ ಊರ ನಲ್ಲಿಯೂ



ಹುಳುಕು ಹಲ್ಲಿನ ಮಗುವನ್ನು ಕರೆತಂದ ತಾಯಂದಿರು ಕುರ್ಚಿಯ ಪಕ್ಕ ನಿಂತು ಹೇಳುವ ಮಾತು ಹೆಚ್ಚಾಗಿ ಒಂದೇ: "ಹಾಲುಹಲ್ಲು ತಾನೇ ಡಾಕ್ಟ್ರೇ, ಬಿದ್ದುಹೋಗುತ್ತೆ ಬಿಡಿ." ನಾನೂ ಪಾಠ ಒಪ್ಪಿಸಿದಂತೆ, ಎರಡು ಹೊತ್ತು ಬ್ರಷ್ ಮಾಡಿಸಿ, ಚಾಕೊಲೇಟು ಕಡಿಮೆ ಮಾಡಿ ಎಂದು ಹೇಳಿ ಕಳಿಸುತ್ತಿದ್ದೆ. ಆಸ್ಟ್ರೇಲಿಯಾದ ಹಳ್ಳಿಗಾಡಿನ ಮಕ್ಕಳ ಬಗ್ಗೆ ಓದತೊಡಗಿದ ಮೇಲೆ ನನ್ನ ಈ ಪಾಠದ ಮೇಲೆ ನನಗೇ ಅನುಮಾನ ಬಂತು.

ಅಲ್ಲಿನ ಅಬೊರಿಜಿನಲ್ (ಮೂಲನಿವಾಸಿ) ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕು ಉಳಿದ ಮಕ್ಕಳಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಪಟ್ಟಣ ದೂರವಾದಷ್ಟೂ ಸ್ಥಿತಿ ಇನ್ನೂ ಕೆಡುತ್ತದೆ. ಅದು ಅವರ ಹುಟ್ಟುಗುಣ ಎನ್ನುವವರು ಅಡಿಲೇಡಿನ ದಂತವೈದ್ಯ ಟಿ. ಡಿ. ಕ್ಯಾಂಪ್‌ಬೆಲ್ 1925ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಬೇಟೆಯಾಡಿ, ಗೆಡ್ಡೆಗೆಣಸು ತಿಂದು ಬದುಕುತ್ತಿದ್ದವರ ಹಲ್ಲು ಸವೆದು ಚಪ್ಪಟೆಯಾಗಿದ್ದವು, ಆದರೆ ಹುಳುಕು ಅಪರೂಪ. ಆಮೇಲೆ ಪಾದ್ರಿಗಳ ಮಿಷನ್ನು, ದನ ಸಾಕುವ ಸ್ಟೇಷನ್ನುಗಳಲ್ಲಿ ಪಡಿ ಬಂತು: ಮೈದಾ, ಸಕ್ಕರೆ, ಚಹಾಪುಡಿ. ಎಷ್ಟೋ ಕಡೆ ದುಡಿದದ್ದಕ್ಕೆ ಕೂಲಿಯೂ ಅದೇ. ಇತ್ತ 1953ರಲ್ಲಿ ಟಾಸ್ಮೇನಿಯಾದ ಬೀಕನ್ಸ್‌ಫೀಲ್ಡಿನಲ್ಲಿ ಶುರುವಾದ ಫ್ಲೋರೈಡ್ ನೀರು ಒಂದೊಂದೇ ನಗರದ ನಲ್ಲಿಗೆ ಹರಿಯಿತು, ಬಿಳಿಯರ ಮಕ್ಕಳ ಹಲ್ಲು ಸುಧಾರಿಸಿತು. ಒಂದು ಕಾಲಕ್ಕೆ ಅಬೊರಿಜಿನಲ್ ಮಕ್ಕಳ ಹಲ್ಲೇ ಬಿಳಿಯರ ಮಕ್ಕಳ ಹಲ್ಲಿಗಿಂತ ಗಟ್ಟಿಯಾಗಿತ್ತು. ಎರಡೇ ತಲೆಮಾರಿನಲ್ಲಿ ತಕ್ಕಡಿ ತಿರುವುಮುರುವಾಯಿತು.

(ಫ್ಲೋರೈಡ್ ಎಂದೊಡನೆ ಪಾವಗಡದ ಬೋರ್‌ವೆಲ್ ನೀರು, ಕಂದುಗಟ್ಟಿದ ಹಲ್ಲು, ಬಾಗಿದ ಮೂಳೆ ನೆನಪಾಗಿ ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದು ಕಂಡೆ. ನಮ್ಮದು ಫ್ಲೋರೈಡ್ ಅತಿಯಾಗಿ ಬಂದ ಕಾಯಿಲೆ. ಅಲ್ಲಿ ಬೆರೆಸುವುದು ಲೀಟರಿಗೆ 0.6ರಿಂದ 1.1 ಮಿಲಿಗ್ರಾಂ ಮಾತ್ರ.)

ಈಗ ಟೂಮೆಲಾ ಎಂಬ ಒಂದೇ ಊರಿಗೆ ಬರೋಣ. ನ್ಯೂ ಸೌತ್ ವೇಲ್ಸಿನ ಉತ್ತರದ ಅಂಚಿನಲ್ಲಿ, ಮ್ಯಾಕಿಂಟೈರ್ ನದಿಯ ಬಳಿಯಿರುವ ಗೊಮೆರಾಯ್ ಜನರ ಹಟ್ಟಿ ಅದು. 1987ರಲ್ಲಿ ಮಾನವ ಹಕ್ಕುಗಳ ಆಯೋಗ ವಿಚಾರಣೆಗೆ ಹೋದಾಗ ಅಲ್ಲಿ ನೀರು ಬಿಡುತ್ತಿದ್ದದ್ದು ದಿನಕ್ಕೆರಡು ಸಲ, ಒಂದೊಂದು ಸಲಕ್ಕೆ ಹದಿನೈದು ನಿಮಿಷ. ನೂರಾರು ಜನ ಅಷ್ಟರಲ್ಲೇ ಕೊಡ, ಬಕೆಟ್ಟು ತುಂಬಿಸಿಕೊಳ್ಳಬೇಕು. ಅಲ್ಲಿನ ತಾಯಿಗೆ ನಾನು ಹೋಗಿ "ಎರಡು ಹೊತ್ತು ಬ್ರಷ್ ಮಾಡಿಸಮ್ಮಾ" ಎನ್ನಬೇಕೇ?

ಮುಂದೆ ಅದೇ ಸೀಮೆಯ ಶಾಲೆಗಳಿಗೆ ಹೋದ ದಂತ ಆರೋಗ್ಯ ತಂಡಗಳು ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿದವು, ಮಕ್ಕಳಿಗೆ ಶಾಲೆಯಲ್ಲೇ ದಿನವೂ ಬ್ರಷ್ ಮಾಡಿಸಿದವು. ಜೊತೆಗೆ ಅಂಗಳದಲ್ಲಿ ಸೋಸಿ ತಂಪುಮಾಡಿದ ನೀರಿನ ನಲ್ಲಿಗಳನ್ನೂ ಕೂರಿಸಿದವು. ನನಗೆ ಬಹಳ ಹಿಡಿಸಿದ್ದು ಈ ಕೊನೆಯದು. ನಲವತ್ತು ಡಿಗ್ರಿ ಬಿಸಿಲಲ್ಲಿ ಕಾದ ನಲ್ಲಿಯ ನೀರಿಗಿಂತ ಫ್ರಿಜ್ಜಿನೊಳಗಿನ ಕೋಲಾವನ್ನೇ ಯಾವ ಮಗುವಾದರೂ ಆರಿಸುತ್ತದೆ. ಮಗುವಿನ ಕೈಗೆ ತಣ್ಣಗಿನ ಒಳ್ಳೆಯ ನೀರು ಕೊಟ್ಟ ಮೇಲಷ್ಟೇ ಕೋಲಾ ಬೇಡ ಎನ್ನುವ ಹಕ್ಕು ನಮಗೆ ಬರುತ್ತದೆ.

ವಾರ್ನಿಷ್ ಸಾಲದೇ ಎಂದು ಕೇಳಬಹುದು. ನಾರ್ದರ್ನ್ ಟೆರಿಟರಿಯ 30 ಅಬೊರಿಜಿನಲ್ ಸಮುದಾಯಗಳಲ್ಲಿ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಪುಟ್ಟ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿ ನೋಡಿದ್ದಾರೆ. ಹೊಸ ಹುಳುಕು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತಗ್ಗಿತು. ಸಣ್ಣ ಲಾಭವಲ್ಲ. ಆದರೆ ಉಳಿದ ಬಹುಪಾಲು ನಮ್ಮ ಬ್ರಷ್ಷಿಗೂ ವಾರ್ನಿಷ್ಷಿಗೂ ಸಿಕ್ಕಲಿಲ್ಲ.

ಆದ್ದರಿಂದ ಈ ದತ್ತಿ ಉಪನ್ಯಾಸದ ಸಮಿತಿಯವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷವೂ ಈ ದತ್ತಿಯಲ್ಲಿ ಮಕ್ಕಳ ಹಲ್ಲಿನ ಬಗ್ಗೆಯೇ ಮಾತಾಡಿಸುವುದಾದರೆ, ನನ್ನಂಥ ದಂತವೈದ್ಯರನ್ನು ಬಿಟ್ಟು ನೀರು ಸರಬರಾಜಿನ ಎಂಜಿನಿಯರೊಬ್ಬರನ್ನು ಕರೆಸಿ.