ಶಾಲೆಯಂಗಳಕ್ಕೆ ಗರಿಕೆ



ಮಾರ್ಚ್‌ನಲ್ಲಿ ಮಗಳು ಶಾಲೆಯಿಂದ ಎರಡೂ ಮೊಣಕಾಲು ತರಚಿಸಿಕೊಂಡು ಬಂದಳು. ಅಂಗಳವೆಲ್ಲ ಪೇವರ್ ಬ್ಲಾಕ್. ಮಧ್ಯಾಹ್ನ ಕೈಯಿಟ್ಟು ನೋಡಿದೆ, ದೋಸೆ ಕಾವಲಿಯಂತೆ ಸುಡುತ್ತಿತ್ತು.

ಪ್ಯಾರಿಸ್‌ನಲ್ಲಿ 2018ರಿಂದ ಶಾಲೆಯಂಗಳಗಳ ಡಾಂಬರು ಕಿತ್ತು ಮಣ್ಣು, ಮರ, ಹಸಿರು ತರುತ್ತಿದ್ದಾರೆ. ‘ಓಯಸಿಸ್ ಅಂಗಳ’ ಎಂದು ಹೆಸರು. ಮಳೆನೀರು ಇಂಗುತ್ತದೆ, ನೆಲವೂ ತಂಪು. ಪೋಷಕರ ಸಭೆಯಲ್ಲಿ ಇದನ್ನು ಹೇಳಿದರೆ, “ಮೇಡಂ, ಕೆಸರಾದರೆ ದೂರು ಕೊಡುವವರೂ ನೀವೇ” ಅಂದರು. ನಿಜವೇ. ಬ್ಲಾಕ್ ಹಾಕುವ ಮುಂಚೆ ಯೂನಿಫಾರ್ಮ್ ಕೊಳೆಯಾಯಿತೆಂದು ಗ್ರೂಪಿನಲ್ಲಿ ಬರೆದವಳು ನಾನೇ!

ಪುಣೆಯಲ್ಲಿ ಮಳೆ ನಾಲ್ಕೇ ತಿಂಗಳು. ಇಡೀ ಅಂಗಳಕ್ಕೆ ಲಾನ್ ಸಾಕಲಾಗದು. ಆದರೆ ನಾವು ಗಣಪತಿಗೆ ಏರಿಸುವ ಗರಿಕೆ ತುಳಿದರೂ ಮತ್ತೆ ಚಿಗುರುತ್ತದೆ. ಒಂದು ಮೂಲೆಯ ಬ್ಲಾಕ್ ತೆಗೆಯಲು ಶಾಲೆಯವರು ಒಪ್ಪಿದ್ದಾರೆ. ಜೂನ್‌ನ ಮೊದಲ ಮಳೆಗೆ ನೆಡಬೇಕು. ಶನಿವಾರ ಬೆಳಿಗ್ಗೆ ಸಲಿಕೆ ಹಿಡಿಯಲು ಯಾರ್ಯಾರು ಬರುತ್ತೀರಿ?