ಹುಣಸೆ ಹುಚ್ಚನಿಂದ ಕಲಿಯಬೇಕಾದ ಪಾಠ

(ಉಮ್ಮತ್ತೂರಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಥೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಬರುವ ಶೋಧಕ ಸಾಮಾನ್ಯವಾಗಿ ಅರೆಮರುಳ. ಕೆದರಿದ ಕೂದಲು, ಹೊಗೆಯಾಡುವ ಯಂತ್ರ, ಊರವರ ನಗೆ ಇವೇ ಅವನ ಲಕ್ಷಣಗಳು. ಕಡೆಯಲ್ಲಿ ಯಂತ್ರ ಹೇಗೋ ಕೆಲಸ ಮಾಡುತ್ತದೆ. ನಕ್ಕವರೇ ಚಪ್ಪಾಳೆ ತಟ್ಟುತ್ತಾರೆ. ಆದರೆ ಮೊದಲ ಸೋಲಿಗೂ ಕಡೆಯ ಗೆಲುವಿಗೂ ನಡುವಿನ ವರ್ಷಗಳಲ್ಲಿ ಆತ ಏನು ಮಾಡಿದನೆಂಬುದನ್ನು ಕಥೆಗಾರ ಹೇಳುವುದಿಲ್ಲ. ಬಿದ್ದವನು ಮತ್ತೆ ಎದ್ದು ನಿಲ್ಲುವ ಬಗೆಯನ್ನು ಅರಿಯಬೇಕಾದರೆ ಆ ನಡುವಿನ ವರ್ಷಗಳನ್ನೇ ನೋಡಬೇಕು. ಅದಕ್ಕೆ ಕಲ್ಪನೆಯ ಶೋಧಕನಿಗಿಂತ ಕರ್ನಾಟಕದ ರೈತ ಶೋಧಕರೊಬ್ಬರ ಬಾಳು ಹೆಚ್ಚು ಉಪಯುಕ್ತವಾದುದು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಮೊದಲ ಯಂತ್ರ ಕೇಳಿದವರಿಗೆ ನಗು ತರಿಸುವಂಥದು. ಬೆಳಗಿನ ಜಾವ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಗಡಿಯಾರದ ಗಂಟೆಯೂ ಪ್ರಯೋಜನಕ್ಕೆ ಬರಲಿಲ್ಲ. ಗಂಟೆ ಬಾರಿಸುವಾಗ ಗಡಿಯಾರದ ಕೀಲಿ ತಿರುಗುವುದನ್ನು ಗಮನಿಸಿ, ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಬಿಗಿದರು. ಕೀಲಿಗೆ ದಾರ ಸುತ್ತಿಕೊಂಡಂತೆ ಬಾಟಲಿ ವಾಲಿ, ಮಲಗಿದವರ ಮುಖಕ್ಕೆ ನೀರು ಸುರಿಯುತ್ತಿತ್ತು. ಇಲ್ಲಿ ಗಮನಿಸಬೇಕಾದುದು ಒಂದಿದೆ. ತಮ್ಮ ದೌರ್ಬಲ್ಯಕ್ಕೆ ಅವರು ಹಣೆಬರಹವನ್ನು ಹಳಿಯಲಿಲ್ಲ. ಮನೆಯಲ್ಲಿದ್ದ ದಾರ, ಬಾಟಲಿಗಳಿಂದಲೇ ಪರಿಹಾರ ಹುಡುಕಿದರು.

ಓದು ಮುಂದುವರಿಸುವ ಆಸೆಯಿದ್ದರೂ ಅವರು ಮನೆಯ ಬೇಸಾಯಕ್ಕೆ ಇಳಿಯಬೇಕಾಯಿತು. ಒಣಭೂಮಿಯಲ್ಲಿ ಮಾವು, ಸಪೋಟ ಮೊದಲಾದ ಹಣ್ಣಿನ ಗಿಡಗಳನ್ನು ಬೆಳೆಸಲು ಯತ್ನಿಸಿ, ನೀರಿನ ಕೊರತೆಯಿಂದ ಸೋತರು. ಬಳಿಕ ಆರಿಸಿಕೊಂಡದ್ದು ಹುಣಸೆಯನ್ನು. ಹೊಲದ ತುಂಬ ಹುಣಸೆ ನೆಟ್ಟವರನ್ನು ಕಂಡು ಜನ ‘ಹುಣಸೆ ಹುಚ್ಚ’ ಎಂದು ಕರೆದರು. ಆದರೆ ಆ ಆಯ್ಕೆಯ ಹಿಂದೆ ವಿವೇಕವಿತ್ತು. ಹುಣಸೆಯ ಬೇರು ಆಳಕ್ಕೆ ಇಳಿಯುತ್ತದೆ. ಒಮ್ಮೆ ನೆಲೆಯೂರಿದ ಮರ ಬರವನ್ನು ತಾಳುತ್ತದೆ. ಮಾವು ಒಣಗಿದ್ದೇಕೆ ಎಂಬ ಪ್ರಶ್ನೆಗೆ ದೊರೆತ ಉತ್ತರವೇ ಮುಂದಿನ ಬೆಳೆಯನ್ನು ಸೂಚಿಸಿತು.

ಹಣ್ಣು ಬಂದಾಗ ಬೇರೊಂದು ತೊಡಕು ಎದುರಾಯಿತು. ಹುಣಸೆಹಣ್ಣಿನಿಂದ ಬೀಜ ಬಿಡಿಸುವುದು ಎಷ್ಟು ಬೇಸರದ, ಎಷ್ಟು ಕೂಲಿ ಬೇಡುವ ಕೆಲಸವೆಂಬುದನ್ನು ಈ ಸೀಮೆಯ ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ನಡಕಟ್ಟಿನ ಅವರು ಬೀಜ ಬೇರ್ಪಡಿಸುವ ಯಂತ್ರವನ್ನು ರೂಪಿಸಿದರು. ಮುಂದೆ ಉಳುಮೆಯ ಸಲಕರಣೆಗಳ ಅಲಗು ತಯಾರಿಸುವ ಯಂತ್ರ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿಯ ಸಲಕರಣೆ, ನೀರು ಕಾಯಿಸುವ ಬಾಯ್ಲರ್ ಇವೆಲ್ಲ ಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆಯ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಹುಚ್ಚನೆಂಬ ಹೆಸರಿಗೂ ಪದ್ಮಶ್ರೀಗೂ ನಡುವೆ ಹಲವು ದಶಕಗಳ ದುಡಿಮೆಯಿದೆ.

ಈ ಪಾಠ ಉಮ್ಮತ್ತೂರಿಗೆ ಏಕೆ ಬೇಕು? ಚಾಮರಾಜನಗರ, ಗುಂಡ್ಲುಪೇಟೆಗಳದು ಘಟ್ಟಗಳ ಮಳೆನೆರಳಿನ ಸೀಮೆ. ಹುರುಳಿ, ಜೋಳ, ಅವರೆ ಬೆಳೆದ ಹೊಲಗಳಿಗೆ ಕೊಳವೆಬಾವಿಯನ್ನು ನಂಬಿ ಬಾಳೆ, ಅರಿಸಿನಗಳು ಬಂದವು. ಕೊಳವೆಬಾವಿ ಬತ್ತಿದಾಗ ರೈತ ಮತ್ತೊಂದನ್ನು ಕೊರೆಸುತ್ತಾನೆ. ಅದು ಬತ್ತಿದಾಗ ಇನ್ನೂ ಆಳಕ್ಕೆ ಇಳಿಯುತ್ತಾನೆ. ಇದನ್ನು ಛಲವೆಂದು ಹೊಗಳುವವರಿದ್ದಾರೆ. ಸೋಲಿನ ಕಾರಣವನ್ನು ಕೇಳದೆ ಅದೇ ಯತ್ನವನ್ನು ಮರಳಿ ಮಾಡುವುದು ಸಾಲವನ್ನು ಮಾತ್ರ ಬೆಳೆಸುತ್ತದೆ. ಬೆಳೆಯನ್ನು ನೀರಿಗೆ ಹೊಂದಿಸುವವನೇ ಬರವನ್ನು ದಾಟುವನು.

ಹಾಗೆಂದು ನಾಳೆಯೇ ಎಲ್ಲರೂ ಹುಣಸೆ ನೆಡಬೇಕೆಂದು ಅರ್ಥವಲ್ಲ. ಬೀಜದಿಂದ ಬೆಳೆದ ಹುಣಸೆ ಫಲ ಕೊಡಲು ಹಲವು ವರ್ಷ ಬೇಕು; ಕಸಿ ಗಿಡವೂ ಕೆಲವು ವರ್ಷ ಕಾಯಿಸುತ್ತದೆ. ಅಲ್ಲಿಯವರೆಗೆ ಸಂಸಾರ ಉಣ್ಣಬೇಕು. ಆದುದರಿಂದ ಬದುವಿನಲ್ಲಿ ಹುಣಸೆ, ಹೊಂಗೆ, ನೆಲ್ಲಿ, ಹೊಲದಲ್ಲಿ ಹುರುಳಿ, ಅವರೆ ಎಂಬ ಹಂಚಿಕೆ ಲೇಸು. ಒಂದು ಕೈಕೊಟ್ಟರೆ ಮತ್ತೊಂದು ಕಾಯುತ್ತದೆ.

ಒಂಟಿ ಸಾಹಸಿಯ ಕಥೆಗೆ ಇನ್ನೊಂದು ಮಿತಿಯೂ ಇದೆ. ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಬಿದಿರು ವಿರಳವಾದಾಗ, ಬುಟ್ಟಿ ಹೆಣೆಯುವ ಕೈಗಳಿಗೆ ಕೆಲಸವಿಲ್ಲವಾಯಿತು. ಕಾಡನ್ನು ಮುತ್ತಿದ್ದ ಲಂಟಾನವನ್ನೇ ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ, ಬುಟ್ಟಿಗಳನ್ನು ಮಾಡುವುದನ್ನು ಸೋಲಿಗ ಮತ್ತು ಕೊರವ ಕುಟುಂಬಗಳು ಏಟ್ರೀ ಸಂಸ್ಥೆಯ ನೆರವಿನಿಂದ ಕಲಿತವು. ಅಲ್ಲಿ ಶೋಧಕನೆಂದು ಒಬ್ಬನ ಹೆಸರಿಲ್ಲ, ಹಲವರ ಕೈಗಳಿವೆ. ಜನರ ಗಟ್ಟಿತನವನ್ನು ಹೊಗಳಿ, ಕೆರೆಯ ಹೂಳು, ಬೆಳೆಗೆ ತಕ್ಕ ಬೆಲೆ, ಸಾಲದ ಬಡ್ಡಿ ಇವುಗಳ ಹೊಣೆಯಿಂದ ಸರ್ಕಾರ ಜಾರಿಕೊಳ್ಳುವುದನ್ನು ಒಪ್ಪಲಾಗದು. ರೈತ ತಾಳಿಕೊಳ್ಳುವನೆಂಬುದು ಅವನನ್ನು ಕೈಬಿಡಲು ಕಾರಣವಾಗಬಾರದು.

ವಿದ್ಯಾರ್ಥಿಗಳು ಇಂದೇ ಆರಂಭಿಸಬಹುದಾದ ಕೆಲಸವೊಂದಿದೆ. ಊರಿನಲ್ಲಿ ಯಾವ ವರ್ಷ ಯಾವ ಕೊಳವೆಬಾವಿ ಎಷ್ಟು ಅಡಿಗೆ ಬತ್ತಿತು, ಯಾವ ಬೆಳೆ ಒಣಗಿತು, ಅದೇ ಬೇಸಗೆಯಲ್ಲಿ ಯಾವ ಮರ ಹಸಿರಾಗಿ ನಿಂತಿತು ಎಂಬುದನ್ನು ಹಿರಿಯರಲ್ಲಿ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಮುಂಗಾರಿಗೆ ಮುನ್ನ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಬೇಕು. ಯಾವ ಹೊಲಕ್ಕೆ ಯಾವ ಬೆಳೆ ಎಂಬ ಚರ್ಚೆ ಅಲ್ಲಿಂದಲೇ ಮೊದಲಾಗಲಿ.